ಹಳೇ ಲೇತಿನ ಹೊಸ ಸದ್ದು

ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟುವವರಿಗೆ ಕಾಣುವುದು ರಸ್ತೆ ಬದಿಯ ಗೊಂಬೆ ಅಂಗಡಿಗಳು. ಅಲ್ಲಿಂದ ಕಲಾನಗರದ ಕಡೆಗೋ ನೀಲಸಂದ್ರದ ಕಡೆಗೋ ಹೊರಳಿದರೆ ಗೊಂಬೆ ಕಣ್ಣಿಗೆ ಬೀಳುವ ಮೊದಲೇ ಲೇತ್ ಕಿವಿಗೆ ಬೀಳುತ್ತದೆ. ಹೊರಗಿನವರಿಗೆ ಅದೆಲ್ಲ ಒಂದೇ ಗುಂಯ್‌ಗುಡುವ ಸದ್ದು. ಅಲ್ಲೇ ಕೂತು ದುಡಿಯುವವರಿಗೆ ಮಾತ್ರ ಗೋಡೆಯಾಚೆಯ ಮಿಷನ್ನಿಗೆ ಇವತ್ತು ಏನೋ ಆಗಿದೆ ಎಂಬುದು ಎದ್ದು ಹೋಗಿ ನೋಡದೆಯೇ ತಿಳಿಯುತ್ತದೆ.

ಲೇತ್‌ಗಳು ಇಲ್ಲಿ ಸುಲಭಕ್ಕೆ ಗುಜರಿ ಸೇರುವುದಿಲ್ಲ. ಒಬ್ಬರು ಕಸುಬು ಬಿಟ್ಟರೆ ಇನ್ನೊಬ್ಬರ ಶೆಡ್ಡಿಗೆ ಹೋಗುತ್ತವೆ. ಮಗ ಬಿಡದಿಯ ಕಾರ್ಖಾನೆಗೆ ಸೇರಿದ ಮೇಲೆ ಅಪ್ಪನ ಲೇತ್ ಗೋಣಿಚೀಲ ಹೊದ್ದು ಹಿತ್ತಿಲಲ್ಲಿ ಕೂರುತ್ತದೆ. ಮಳೆಗಾಲವೊಂದೆರಡು ಕಳೆದ ಮೇಲೆ ಯಾರೋ ಬಂದು ವಿಚಾರಿಸುತ್ತಾರೆ, ವ್ಯಾಪಾರ ಕುದುರುತ್ತದೆ, ಮಿಷನ್ ಟೆಂಪೊ ಹತ್ತುತ್ತದೆ. ನಗರದ ಮರಗೆಲಸದ ಅಂಗಡಿಗಳಲ್ಲಿ ಮಂಚದ ಕಾಲು, ಮೆಟ್ಟಿಲಿನ ಕಟಕಟೆ ಕಂಬ ಕಡೆಯುತ್ತಿದ್ದ ಲೇತ್‌ಗಳೂ ಕೈಯಿಂದ ಕೈಗೆ ದಾಟಿ ಹೀಗೇ ಬರುತ್ತವೆ. ಹೊಸ ಜಾಗದಲ್ಲಿ ಸ್ವಿಚ್ ಹಾಕಿದ ದಿನವೇ ಹೊಸ ಯಜಮಾನರ ಹಣೆ ಗಂಟಾಗುತ್ತದೆ. ನೋಡಲು ಹೋದಾಗ ಇಲ್ಲದ ಸದ್ದು ಈಗ ಇದೆ. ಅಕ್ಕಪಕ್ಕದವರು ಬಂದು ಒಂದು ಗಳಿಗೆ ಕಿವಿಗೊಟ್ಟು ತೀರ್ಪು ಕೊಟ್ಟುಬಿಡುತ್ತಾರೆ: ‘ಬೇರಿಂಗ್ ಹೋಗೈತೆ.’

ನನ್ನ ತಕರಾರು ಈ ತೀರ್ಪಿನ ಮೇಲೆಯೇ. ಬೇರಿಂಗ್‌ನ ಮೇಲೆ ತಪ್ಪು ಹೊರಿಸುವುದು ಸುಲಭ. ಬೆಲೆ ಕೆಲವು ನೂರು ರೂಪಾಯಿ, ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಿಗುತ್ತದೆ, ಬದಲಾಯಿಸಿದರೆ ದೊಡ್ಡ ರಿಪೇರಿ ಮಾಡಿದ ಸಮಾಧಾನವೂ ಉಂಟು. ಆದರೆ ಹಳೇ ಲೇತಿನ ಸದ್ದಿಗೆ ಬೇರಿಂಗ್ ಕಾರಣ ಅಲ್ಲದಿರುವ ಸಂದರ್ಭಗಳು ಬೇಕಾದಷ್ಟಿವೆ. ಕಾರಣ ಬೇರಿಂಗೇ ಆಗಿದ್ದರೂ ಅದನ್ನು ಕೆಡಿಸಿದ್ದು ಬೇರೆ ಏನೋ ಇರುತ್ತದೆ. ಅದನ್ನು ಹುಡುಕದೆ ಹೊಸದು ಕೂರಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ.

ಬಿಲ್ಲಿನಿಂದ ಬೆಲ್ಟಿಗೆ

ಅರಗು ಬಣ್ಣದ ಗೊಂಬೆ ಮಾಡುವ ಕಲೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಚನ್ನಪಟ್ಟಣಕ್ಕೆ ಬಂತು ಎಂಬುದು ಇಲ್ಲಿಯವರು ಹೇಳಿಕೊಂಡು ಬಂದ ಮಾತು. ಆಮೇಲೆ ಜಪಾನಿನ ಗೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿನ ಕಸುಬಿಗೆ ಹೊಂದಿಸಿದವರು ಬಾವಾಸ್ ಮಿಯಾನ್ ಎಂದು ಊರು ಅವರನ್ನು ಇಂದಿಗೂ ನೆನೆಯುತ್ತದೆ. 2005-06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನೆದರ್‌ಲೆಂಡ್ಸ್ ಸರ್ಕಾರದ ನೆರವು, ರಾಜ್ಯದ ‘ವಿಶ್ವ’ ಯೋಜನೆ ಎರಡೂ ಸೇರಿ ನೀಲಸಂದ್ರದಲ್ಲಿ ಎದ್ದ ಅರಗು ಕರಕುಶಲ ಸಂಕೀರ್ಣದಲ್ಲಿ 32 ಲೇತ್‌ಗಳನ್ನು ಕೂರಿಸಲಾಯಿತು. ಚರಿತ್ರೆ ನಮಗೆ ಇಷ್ಟು ಸಾಕು. ಸದ್ದಿನ ವಿಚಾರಕ್ಕೆ ಬೇಕಾದ್ದು ಯಂತ್ರ.

ಹಿಂದಿನ ಕೈ ಲೇತಿನಲ್ಲಿ ಮರದ ತುಂಡು ಎರಡು ಕಬ್ಬಿಣದ ಮೊನೆಗಳ ನಡುವೆ ನಿಲ್ಲುತ್ತಿತ್ತು. ಬಿಲ್ಲಿನ ಹಗ್ಗ ಸುತ್ತಿ ಎಳೆದರೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಕಿರುಗುಟ್ಟಿದರೆ ಮೊನೆಗೊಂದು ತೊಟ್ಟು ಎಣ್ಣೆ ಬಿಟ್ಟರೆ ಮುಗಿಯಿತು. ಕೆಡುವುದಕ್ಕೆ ಅದರಲ್ಲಿ ಬೇರೇನೂ ಇರಲಿಲ್ಲ. ಮೋಟಾರ್ ಲೇತ್ ಬಂದ ಮೇಲೆ ಸದ್ದು ಹುಟ್ಟುವ ಜಾಗಗಳು ಹೆಚ್ಚಾದವು. ಕೆಳಗೆ ಮೋಟಾರ್, ಅದರ ಪುಲ್ಲಿ, ಬೆಲ್ಟ್, ಮೇಲೆ ಸ್ಪಿಂಡಲ್ಲಿನ ಪುಲ್ಲಿ, ಸ್ಪಿಂಡಲ್ ಹೊತ್ತ ಎರಡು ಬೇರಿಂಗ್, ತುದಿಯಲ್ಲಿ ಬಟ್ಟಲಿನಂಥ ಚಕ್, ಉದ್ದ ಸಾಮಾನಾದರೆ ಎದುರಿಗೆ ಟೇಲ್‌ಸ್ಟಾಕ್, ಉಳಿ ಆನಿಸಲು ಟೂಲ್ ರೆಸ್ಟ್. ಕಂಪನಿ ಲೇತ್‌ಗಳಲ್ಲಿ ಎರಕದ ತಲೆಯೊಳಗೆ ಬೇರಿಂಗ್ ಅಡಗಿರುತ್ತದೆ. ಊರಲ್ಲೇ ಕಬ್ಬಿಣದ ಚಾನೆಲ್ ಬೆಸೆದು ಕಟ್ಟಿದ ಲೇತ್‌ಗಳಲ್ಲಿ ಬೇರಿಂಗ್ ಹೊತ್ತ ಎರಡು ಪ್ಲಮ್ಮರ್ ಬ್ಲಾಕ್ ಬೋಲ್ಟ್ ಮಾಡಿ ಅವುಗಳೊಳಗೆ ಶಾಫ್ಟ್ ತೂರಿಸಿರುತ್ತಾರೆ. ಎರಡನೆಯದು ನೋಡಲು ಒರಟು, ಆದರೆ ಬಿಚ್ಚಿ ನೋಡುವವರಿಗೆ ಅದೇ ವಾಸಿ.

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಲೇತ್ ಪೂರ್ತಿ ವೇಗದಲ್ಲಿ ಓಡುವಾಗ ಸ್ವಿಚ್ ಆರಿಸಿ ಕಿವಿ ಕೊಡಬೇಕು. ಕರೆಂಟು ಹೋದ ಕ್ಷಣವೇ ಸದ್ದು ಕತ್ತರಿಸಿದಂತೆ ನಿಂತರೆ ಅದು ಮೋಟಾರಿನ ವಿದ್ಯುತ್ತಿಗೆ ಸೇರಿದ್ದು. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಕಾಂತದ ಎಳೆತ ಅದರ ಎರಡು ಪಟ್ಟು, ಅಂದರೆ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಸಡಿಲವಾದ ವೈಂಡಿಂಗ್, ಬಿಗಿ ತಪ್ಪಿದ ತಗಡು, ಸೋತ ಕೆಪಾಸಿಟರ್ ಇದ್ದರೆ ಆ ಗುಂಯ್ ದಪ್ಪಗಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಸದ್ದು ಉಳಿದು, ವೇಗ ಇಳಿದಂತೆ ದನಿಯನ್ನೂ ಇಳಿಸುತ್ತ ಹೋದರೆ ಅದು ತಿರುಗುವ ಭಾಗಗಳದ್ದು. ಮಧ್ಯದ ಒಂದು ವೇಗದಲ್ಲಿ ಮಾತ್ರ ದಡದಡ ಎಂದು ನಡುಗಿ, ಆ ವೇಗ ದಾಟುತ್ತಲೇ ತಣ್ಣಗಾದರೆ ತಪ್ಪು ಸ್ಪಿಂಡಲ್ಲಿನದಲ್ಲ. ಸ್ಟ್ಯಾಂಡೋ ನೆಲವೋ ಆ ವೇಗಕ್ಕೆ ದನಿಗೂಡಿಸುತ್ತಿದೆ. ಇಷ್ಟೆಲ್ಲ ತಿಳಿಯಲು ಲೇತ್ ನಿಲ್ಲುವಷ್ಟು ಹೊತ್ತು ಸಾಕು. ಹಾಗಿದ್ದೂ ಈ ಪರೀಕ್ಷೆ ಮಾಡುವವರು ಕಡಿಮೆ. ಸದ್ದು ಹಿಡಿಯಬೇಕೆಂದರೆ ಮಿಷನ್ ಓಡುತ್ತಿರಬೇಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ.

ಇಲ್ಲೊಂದು ಎಚ್ಚರ. ಸಿಂಗಲ್ ಫೇಸ್ ಮೋಟಾರ್ ಹೊರಡುವಾಗ ಒಂದು ‘ಟಕ್’, ನಿಲ್ಲುವಾಗ ಇನ್ನೊಂದು ‘ಟಕ್’ ಕೇಳಿದರೆ ಗಾಬರಿ ಬೇಡ. ಅದು ಒಳಗಿರುವ ಸೆಂಟ್ರಿಫ್ಯೂಗಲ್ ಸ್ವಿಚ್. ಮೋಟಾರ್ ತನ್ನ ವೇಗದ ಮುಕ್ಕಾಲು ಪಾಲು ಮುಟ್ಟಿದಾಗ ಅದು ಸ್ಟಾರ್ಟಿಂಗ್ ಸುರುಳಿಯನ್ನು ಬಿಡಿಸುತ್ತದೆ, ನಿಲ್ಲುವ ಹೊತ್ತಿಗೆ ಮತ್ತೆ ಕೂಡಿಸುತ್ತದೆ. ಆ ಟಕ್ ಕೇಳಬೇಕಾದ್ದೇ. ಕೇಳದೆ ಹೋದರೆ, ಮೋಟಾರ್ ಗುಂಯ್ ಅನ್ನುತ್ತ ಹೊರಡಲು ತಿಣುಕಿದರೆ, ಆಗ ಚಿಂತೆ ಮಾಡಬೇಕು.

‘ಮೊದ್ಲು ಬೆಲ್ಟ್ ಬಿಚ್ಚು’

ಚನ್ನಪಟ್ಟಣದ ಒಂದು ಶೆಡ್. ತಗಡಿನ ಮಾಡು, ನೆಲದ ತುಂಬ ಆಲೆ ಮರದ ಬಿಳಿ ಹೊಟ್ಟು, ಗೋಡೆಗೆ ಆನಿಸಿದ ತಟ್ಟೆಯಲ್ಲಿ ಹಳದಿ, ಕೆಂಪು, ಹಸಿರು ಅರಗಿನ ಕಡ್ಡಿ. ಯಜಮಾನಿಗೆ ಮೂವತ್ತರ ಆಸುಪಾಸು. ಲೇತ್ ಬಂದು ವಾರವಾಗಿಲ್ಲ. ಓಡುವಾಗ ಟಕ್ ಟಕ್ ಟಕ್ ಎಂದು ಬಡಿಯುತ್ತದೆ, ಉಳಿ ಒತ್ತಿದರೆ ಬಡಿತ ಜೋರಾಗುತ್ತದೆ. ಫಿಟ್ಟರ್ ಬರುವಷ್ಟರಲ್ಲಿ ಆಕೆ ಹೊಸ ಬೇರಿಂಗ್ ಜೋಡಿ ತರಿಸಿ ಕಿಟಕಿಯ ಮೇಲೆ ಇಟ್ಟಾಗಿದೆ.

‘ಭಾಯ್, ಎರಡೂ ತಂದಿಟ್ಟಿದೀನಿ. ಹಾಕ್ಬಿಡಿ, ನಾಳೆ ಆರ್ಡರ್ ಐತೆ.’

‘ಹಾಕೋಣಮ್ಮ, ಅದಕ್ಕೇನು. ಮೊದ್ಲು ಬೆಲ್ಟ್ ಬಿಚ್ಚು.’

ಬೆಲ್ಟ್ ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿದರು. ಸದ್ದಿಲ್ಲ. ಸ್ಪಿಂಡಲ್ ಅನ್ನು ಕೈಯಿಂದ ಬೀಸಿ ತಿರುಗಿಸಿದರು. ನುಣ್ಣಗೆ ಸುತ್ತಿ ನಿಧಾನಕ್ಕೆ ನಿಂತಿತು. ಅಲ್ಲೂ ಸದ್ದಿಲ್ಲ. ಇವೆರಡೂ ಒಂಟಿಯಾಗಿದ್ದಾಗ ಸುಮ್ಮನಿದ್ದು, ಬೆಲ್ಟ್ ಹಾಕಿ ಜೋಡಿಸಿದ ಕೂಡಲೇ ಬಡಿದಾಡುತ್ತವೆ ಎಂದರೆ ಜಗಳ ನಡುವಿನದು. ಫಿಟ್ಟರ್ ಪುಲ್ಲಿಯ ಬುಡಕ್ಕೆ ಟಾರ್ಚ್ ಬಿಟ್ಟರು. ಶಾಫ್ಟಿಗೂ ಪುಲ್ಲಿಗೂ ನಡುವಿನ ಸಂದಿಯ ಸುತ್ತ ಕೆಂಪು ಪುಡಿಯ ಒಂದು ಗೆರೆ. ಬೆರಳಲ್ಲಿ ಒರೆಸಿ ಆಕೆಗೆ ತೋರಿಸಿದರು. ಮರದ ಹೊಟ್ಟು ಬಿಳಿ, ಅರಗಿನ ಪುಡಿ ಇಲ್ಲಿಗೆ ಬಾರದು. ಇದು ಕಬ್ಬಿಣ. ಕಣ್ಣಿಗೆ ಕಾಣದಷ್ಟು ಅಲುಗಾಡುವ ಎರಡು ಕಬ್ಬಿಣದ ಮೈಗಳು ಒಂದನ್ನೊಂದು ಉಜ್ಜಿದಾಗ ಉದುರುವ ನುಣ್ಣನೆ ತುಕ್ಕು. ಪುಲ್ಲಿಯನ್ನು ಶಾಫ್ಟಿಗೆ ಕಚ್ಚಿಸುವ ಗ್ರಬ್ ಸ್ಕ್ರೂ ಸಡಿಲವಾಗಿ, ಕೀ ಸವೆದು, ಪುಲ್ಲಿ ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಿತ್ತು. ಉಳಿ ಒತ್ತಿದಾಗ ಹೊರೆ ಬಿದ್ದು ಬಡಿತ ಜೋರಾಗುತ್ತಿದ್ದದ್ದು ಅದಕ್ಕೇ.

ಸ್ಕ್ರೂ ಬಿಗಿ ಮಾಡಿದರೆ ಆಯಿತಲ್ಲ ಎಂದರೆ ಆಗಲಿಲ್ಲ. ಸವೆದ ಶಾಫ್ಟಿನ ಮೇಲೆ ಒಂದೇ ಕಡೆಯಿಂದ ಸ್ಕ್ರೂ ಒತ್ತಿದರೆ ಪುಲ್ಲಿ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಟಕ್ ಟಕ್ ಹೋಗಿ ತೂರಾಟ ಶುರುವಾಗುತ್ತದೆ. ಅವರು ಹೊಸ ಕೀ ಅರದಿಂದ ಉಜ್ಜಿ ಹೊಂದಿಸಿ ಕೂರಿಸಿದರು, ಮೊದಲ ಸ್ಕ್ರೂವಿಗೆ ಅಡ್ಡಲಾಗಿ ಇನ್ನೊಂದು ತೂತು ಕೊರೆದು ಎರಡನೇ ಸ್ಕ್ರೂ ಬಿಗಿದರು. ಬೇರಿಂಗ್ ಜೋಡಿ ಕಿಟಕಿಯ ಮೇಲೆಯೇ ಉಳಿಯಿತು. ‘ಇಟ್ಕೊಳಮ್ಮ, ಕೆಡೋ ಸಾಮಾನಲ್ಲ. ಪೇಪರ್ ಮಾತ್ರ ಬಿಚ್ಚಬೇಡ’ ಎಂದರು. ಬೇರಿಂಗ್ ಅನ್ನು ಹಾಕುವ ಹೊತ್ತಿನ ತನಕ ಪೊಟ್ಟಣದಲ್ಲೇ ಇಡಬೇಕು. ಮರದ ಹೊಟ್ಟು ಹಾರಾಡುವ ಶೆಡ್ಡಿನಲ್ಲಿ ಇದು ಸಣ್ಣ ಮಾತಲ್ಲ.

ಬೆಲ್ಟ್ ಹಾಕಿದಾಗಲಷ್ಟೇ ಬರುವ ಸದ್ದಿಗೆ ಬೆಲ್ಟೇ ಕಾರಣ ಆಗಿರುವುದೂ ಉಂಟು. ಅದನ್ನು ಪತ್ತೆ ಮಾಡುವ ಲೆಕ್ಕ ಸುಲಭ. ಬೆಲ್ಟಿನ ಉದ್ದ ಒಂದು ಮೀಟರ್, ಪುಲ್ಲಿಯ ಅಡ್ಡಗಲ 10 ಸೆಂಟಿಮೀಟರ್ ಇದೆ ಎನ್ನಿ. ಪುಲ್ಲಿಯ ಸುತ್ತಳತೆ ಸುಮಾರು 31 ಸೆಂಟಿಮೀಟರ್. ಬೆಲ್ಟ್ ಒಂದು ಸುತ್ತು ಬರುವಷ್ಟರಲ್ಲಿ ಪುಲ್ಲಿ ಮೂರು ಸುತ್ತು ಮುಗಿಸಿರುತ್ತದೆ. ಹಾಗಾಗಿ ಸ್ಪಿಂಡಲ್ ಒಂದು ಸುತ್ತು ಬಂದಾಗಲೆಲ್ಲ ಬಡಿಯುವ ಸದ್ದು ಸ್ಪಿಂಡಲ್ಲಿನದೋ ಅದರ ಪುಲ್ಲಿಯದೋ ಆಗಿರಬೇಕು. ಮೂರು ಸುತ್ತಿಗೊಮ್ಮೆ ನಿಧಾನವಾಗಿ ‘ಧಪ್, ಧಪ್’ ಎನ್ನುವುದು ಬೆಲ್ಟಿನದು. ಕೈಯಿಂದ ತಿರುಗಿಸಿ, ಪುಲ್ಲಿಗೂ ಬೆಲ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ನೋಡಿದರೆ ಎಂಥವರಿಗೂ ಗೊತ್ತಾಗುತ್ತದೆ.

ತಿಂಗಳುಗಟ್ಟಲೆ ಓಡದೆ ಬಿಗಿದೇ ಇದ್ದ ವಿ-ಬೆಲ್ಟ್ ಪುಲ್ಲಿಯ ಆಕಾರಕ್ಕೇ ಸೆಟೆದುಕೊಂಡಿರುತ್ತದೆ. ಸೆಕೆಂಡ್‌ಹ್ಯಾಂಡ್ ಲೇತಿನಲ್ಲಿ ಇದು ಮಾಮೂಲು. ಒಂದಷ್ಟು ಹೊತ್ತು ಓಡಿ ಬಿಸಿಯಾದರೆ ಮೆತ್ತಗಾಗಿ ಸದ್ದು ತಗ್ಗುತ್ತದೆ, ಮರುದಿನ ಬೆಳಗ್ಗೆ ಮತ್ತೆ ಶುರು. ಹೊರಡುವಾಗ ಕೀಚ್ ಎಂದರೆ ಸಡಿಲವಾಗಿದೆ, ಇಲ್ಲವೇ ಬೆಲ್ಟಿನ ಪಕ್ಕೆ ಗಾಜಿನಂತೆ ನುಣುಪಾಗಿದೆ. ಸೋಪು ಸವರುವುದು, ರಾಳ ಉದುರಿಸುವುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಮದ್ದುಗಳು. ನನಗೆ ಎರಡರಲ್ಲೂ ನಂಬಿಕೆ ಇಲ್ಲ. ಸೋಪು ಸದ್ದನ್ನು ನುಂಗಿ ಜಾರುವಿಕೆಯನ್ನು ಹೆಚ್ಚಿಸುತ್ತದೆ. ರಾಳ ಮರದ ಪುಡಿಯೊಂದಿಗೆ ಬೆರೆತು ಪುಲ್ಲಿಯ ತೋಡಿನಲ್ಲಿ ಗಟ್ಟಿಯಾಗಿ, ಬೆಲ್ಟ್ ಸರಿಯಾಗಿ ಕೂರಲು ಬಿಡುವುದಿಲ್ಲ. ಹೊಸ ಬೆಲ್ಟ್ ಹಾಕಿಬಿಡುವುದೇ ಲೇಸು.

ಸುತ್ತಿಗೆಯ ಗುರುತು

ಇನ್ನು ನಿಜಕ್ಕೂ ಬೇರಿಂಗೇ ಆದರೆ? ಸದ್ದು ಗೊರಗೊರ ಎನ್ನುತ್ತದೆ, ಒಣ ಜಲ್ಲಿಯ ಮೇಲೆ ಗಾಡಿ ಉರುಳಿದಂತೆ. ಪರೀಕ್ಷೆಗೆ ಉದ್ದ ಹಿಡಿಯ ಉಳಿಯೊಂದು ಸಾಕು. ಬೆಲ್ಟ್ ಬಿಚ್ಚಿ, ಯಾರಾದರೂ ಸ್ಪಿಂಡಲ್ ಅನ್ನು ಕೈಯಿಂದ ತಿರುಗಿಸುತ್ತಿರುವಾಗ ಉಳಿಯ ಲೋಹದ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಬೇಕು. ಮೊದಲು ಮುಂದಿನ ಬೇರಿಂಗ್, ಆಮೇಲೆ ಹಿಂದಿನದು. ಎರಡರ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ. ಓಡುವ ಲೇತಿಗೆ ಹೀಗೆ ಬಾಗಿ ಕಿವಿ ಕೊಡಲು ಹೋಗಬಾರದು. ದುಪಟ್ಟಾ, ಜಡೆ, ತೋಳಿನ ಬಟ್ಟೆ, ಯಾವುದು ಸಿಕ್ಕರೂ ಸ್ಪಿಂಡಲ್ ಬಿಡುವುದಿಲ್ಲ.

ಇಂಥ ಲೇತ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಬೇರಿಂಗ್‌ಗಳಲ್ಲೊಂದು 6204. ಒಳ ಅಡ್ಡಗಲ 20 ಮಿಲಿಮೀಟರ್, ಹೊರ ಅಡ್ಡಗಲ 47, ದಪ್ಪ 14. ಒಳಗೆ ಎಂಟು ಗುಂಡುಗಳು. ಹೊರಗಿನ ಬಳೆಯಲ್ಲಿ ಒಂದು ಕಡೆ ಪೆಟ್ಟಾಗಿದ್ದರೆ ಸ್ಪಿಂಡಲ್ಲಿನ ಒಂದು ಸುತ್ತಿಗೆ ಸುಮಾರು ಮೂರು ಗುಂಡು ಅದನ್ನು ಹಾಯ್ದು ಹೋಗುತ್ತವೆ. ಒಳಗಿನ ಬಳೆಗೆ ಪೆಟ್ಟಾಗಿದ್ದರೆ ಸುಮಾರು ಐದು. ಮೋಟಾರ್ ನಿಮಿಷಕ್ಕೆ 1,440 ಸುತ್ತು ಓಡಿ, ಎರಡೂ ಪುಲ್ಲಿ ಒಂದೇ ಅಳತೆಯವಾದರೆ ಸ್ಪಿಂಡಲ್ ಸೆಕೆಂಡಿಗೆ 24 ಸುತ್ತು ಬರುತ್ತದೆ. ಹೊರಬಳೆಯ ಗಾಯ ಆಗ ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಸಲ ಕುಟುಕುತ್ತದೆ. ಕಿವಿಗೆ ಅದು ಬಡಿತವಾಗಿ ಕೇಳದೆ ಗೊರಗೊರ ಆಗುವುದು ಇದರಿಂದಲೇ.

ಕಿವಿಗಿಂತ ಬೆರಳು ಇಲ್ಲಿ ಹೆಚ್ಚು ಹೇಳುತ್ತದೆ. ಸ್ಪಿಂಡಲ್ ಅನ್ನು ಎರಡು ಬೆರಳಲ್ಲಿ ಹಿಡಿದು ತೀರ ನಿಧಾನಕ್ಕೆ ತಿರುಗಿಸಿ. ಮರಳು ಸಿಕ್ಕಂತೆ ಜುರುಜುರು ಎಂದರೆ ಒಳಗೆ ಕಸ ಸೇರಿದೆ, ಗ್ರೀಸ್ ಒಣಗಿದೆ ಅಥವಾ ಹಿತ್ತಿಲಿನ ಮಳೆಗಾಲದಲ್ಲಿ ತುಕ್ಕು ಹಿಡಿದಿದೆ. ಹಾಗಲ್ಲದೆ ಹಲ್ಲುಹಲ್ಲಾಗಿ, ಕೆಲವು ಜಾಗದಲ್ಲಿ ತಾನೇ ಹೋಗಿ ಕೂರುವಂತೆ ಅನ್ನಿಸಿದರೆ ಬಳೆಯ ಮೇಲೆ ಗುಂಡುಗಳು ಅಚ್ಚೊತ್ತಿವೆ. ಈ ಬಗೆಯ ಕುಳಿಗೆ ಎಂಜಿನಿಯರ್‌ಗಳು ಬ್ರಿನೆಲಿಂಗ್ ಎನ್ನುತ್ತಾರೆ. ಉಕ್ಕಿನ ಗುಂಡು ಒತ್ತಿ ಲೋಹದ ಗಡಸುತನ ಅಳೆಯುವ ವಿಧಾನವನ್ನು 1900ರಲ್ಲಿ ಮುಂದಿಟ್ಟ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಅವರಿಂದ ಬಂದ ಹೆಸರು ಅದು.

ಗೊಂಬೆ ಕಡೆಯುವ ಲೇತಿನಲ್ಲಿ ಈ ಅಚ್ಚು ಬೀಳಲು ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಮರದ ತುಂಡನ್ನು ಬಟ್ಟಲು ಚಕ್ಕಿನೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುವುದು ಇಲ್ಲಿಯ ರೂಢಿ. ಕೆಲಸ ಬೇಗ ಆಗುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಆದರೆ ಪ್ರತಿ ಏಟೂ ಮರದಿಂದ ಚಕ್ಕಿಗೆ, ಚಕ್ಕಿನಿಂದ ಸ್ಪಿಂಡಲ್ಲಿಗೆ, ಸ್ಪಿಂಡಲ್ಲಿನಿಂದ ಬೇರಿಂಗಿನ ಗುಂಡುಗಳಿಗೆ ಹಾಯುತ್ತದೆ. ಗುಂಡಿಗೂ ಬಳೆಗೂ ತಾಗುವ ಜಾಗ ಸಾಸಿವೆಗಿಂತ ಚಿಕ್ಕದು. ದಿನವಿಡೀ ತುಂಡು ಬದಲಾಯಿಸುತ್ತ, ವರ್ಷಗಟ್ಟಲೆ ಹೀಗೇ ನಡೆದರೆ ಆ ಜಾಗದಲ್ಲಿ ಕುಳಿ ಬೀಳದೆ ಏನು ಮಾಡೀತು? ಆಳು ಗಟ್ಟಿಗನಿದ್ದಷ್ಟೂ ಕುಳಿ ಆಳ.

ಇನ್ನೊಂದು ಬಗೆಯ ಅಚ್ಚು ಏಟಿಲ್ಲದೆಯೇ ಬೀಳುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಕಾರ್ಖಾನೆಯಿಂದ ರೈಲಿನಲ್ಲಿ ಕಳಿಸಿದ ಹೊಸ ಕಾರುಗಳ ಗಾಲಿಯ ಬೇರಿಂಗ್‌ಗಳು ಊರು ಮುಟ್ಟುವಷ್ಟರಲ್ಲಿ ಕೆಟ್ಟಿರುತ್ತಿದ್ದವು. ಒಂದೂ ಸುತ್ತು ಓಡದ ಗಾಲಿಗಳು ಅವು. ಜಾನ್ ಆಲ್ಮೆನ್ ಎಂಬ ಎಂಜಿನಿಯರ್ 1937ರಲ್ಲಿ ಇದರ ಮೇಲೆ ಪ್ರಬಂಧ ಪ್ರಕಟಿಸಿದರು. ತಿರುಗದೆ ನಿಂತ ಬೇರಿಂಗ್ ಸಣ್ಣಗೆ ನಡುಗುತ್ತಲೇ ಇದ್ದರೆ ಗುಂಡಿನ ಅಡಿಯ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ಉಜ್ಜಿ ಕುಳಿ ಬೀಳುತ್ತದೆ. ಟೆಂಪೊದಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಬರುವ ಅರವತ್ತು ಕಿಲೊಮೀಟರಿಗೆ ಅಷ್ಟು ಶಕ್ತಿ ಇರಲಾರದು. ಆದರೆ ಓಡುವ ಲೇತ್‌ಗಳ ಸಾಲಿನಲ್ಲೇ ಮೂಲೆಗೆ ಸರಿಸಿ ವರ್ಷಗಟ್ಟಲೆ ನಿಲ್ಲಿಸಿದ ಲೇತಿಗೆ ಈ ರೋಗ ತಗಲುವ ಸಾಧ್ಯತೆ ಚೆನ್ನಾಗಿಯೇ ಇದೆ. ‘ಇದು ಓಡಿಸಿಯೇ ಇಲ್ಲ, ಹೊಸದಿದ್ದಂಗೆ ಐತೆ’ ಎಂದು ಮಾರುವವರು ಆಣೆ ಮಾಡಿದರೆ ಅದು ಪೂರ್ತಿ ಒಳ್ಳೇ ಸುದ್ದಿಯಲ್ಲ.

ಹಿಂದಿನವರ ಗುಟ್ಟು

ಬೇರಿಂಗ್ ಹೊರತೆಗೆದ ಮೇಲೆ ಶಾಫ್ಟ್ ನೋಡಬೇಕು. ಹಿಂದಿನ ಯಜಮಾನರು ಏನೇನು ಮಾಡಿದ್ದರು ಎಂಬುದೆಲ್ಲ ಬಯಲಾಗುವುದು ಅಲ್ಲಿ. ಬೇರಿಂಗ್ ಕೂರುವ ಜಾಗದಲ್ಲಿ ಸಾಲುಸಾಲಾಗಿ ಸಣ್ಣ ಚುಕ್ಕಿಗಳಿದ್ದರೆ ಅವು ಸೆಂಟರ್ ಪಂಚ್‌ನ ಗುರುತು. ಒಳಬಳೆ ಶಾಫ್ಟಿನ ಮೇಲೆ ಜಾರಿ ಸುತ್ತತೊಡಗಿದಾಗ ಪಂಚ್ ಹೊಡೆದು ಲೋಹ ಉಬ್ಬಿಸಿ ಬಿಗಿ ತಂದಿದ್ದಾರೆ. ಕೆಲವು ಲೇತ್‌ಗಳಲ್ಲಿ ಡಬ್ಬದ ತಗಡು ಕತ್ತರಿಸಿ ಸುತ್ತಿದ ಪಟ್ಟಿ ಸಿಗುತ್ತದೆ. ಆ ಹೊತ್ತಿಗೆ ಕೆಲಸ ನಡೆಯಿತು, ನಿಜ. ಚುಕ್ಕಿಗಳ ತಲೆ ಸವೆದ ಮೇಲೆ ಬಳೆ ಮತ್ತೆ ಜಾರುತ್ತದೆ, ಆಗ ಬರುವುದು ಮಾಮೂಲಿ ಗೊರಗೊರ ಅಲ್ಲ. ಹೊರೆ ಬಿದ್ದಾಗ ಮಾತ್ರ ಎದ್ದು, ಹೊರೆ ತೆಗೆದರೆ ಮಾಯವಾಗುವ, ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದ ಕಿರ್ರ್. ಅಂಥ ಶಾಫ್ಟಿಗೆ ಎಷ್ಟು ದುಬಾರಿ ಬೇರಿಂಗ್ ಹಾಕಿದರೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ವೆಲ್ಡ್ ತುಂಬಿ ಟರ್ನಿಂಗ್ ಮಾಡಿಸಬೇಕು, ಇಲ್ಲವೇ ಹೊಸ ಶಾಫ್ಟ್. ಮರದ ಲೇತ್ ರಿಪೇರಿಗೆ ಕಬ್ಬಿಣದ ಲೇತ್ ಇಟ್ಟವರ ಬಾಗಿಲಿಗೇ ಹೋಗಬೇಕು.

ಅಂಥವರು ಈ ಸೀಮೆಯಲ್ಲಿ ಧಾರಾಳ. ಆದರೆ ಯಾರ ಕೈಗೆ ಕೊಡುತ್ತೀರಿ ಎಂಬುದರ ಮೇಲೆ ರೋಗದ ಹೆಸರೂ ಬದಲಾಗುತ್ತದೆ. ಕನಕಪುರ, ಮಾಗಡಿ ಕಡೆಯ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿಯವರ ಕಿವಿ ಮೊದಲು ಮೋಟಾರಿಗೇ ಹೋಗುತ್ತದೆ. ಫ್ಯಾನ್ ಕವರ್ ತಗಲುವುದು, ಕೆಪಾಸಿಟರ್ ಸೋಲುವುದು ಅವರಷ್ಟು ಬೇಗ ಇನ್ನಾರೂ ಹಿಡಿಯರು. ಟ್ರ್ಯಾಕ್ಟರ್ ಫಿಟ್ಟರ್‌ಗೆ ಎಲ್ಲವೂ ಬೇರಿಂಗ್. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಕೈಪಳಗಿದ ಮೆಕ್ಯಾನಿಕ್‌ಗಳು ನನ್ನ ಮಟ್ಟಿಗೆ ಲೇತಿಗೆ ತೀರ ಹತ್ತಿರದವರು. ಉದ್ದ ಶಾಫ್ಟ್, ಹಗುರ ಹೊರೆ, ಸಾಲು ಪುಲ್ಲಿಗಳ ನಡುವೆ ಬೆಳೆದ ಕಿವಿ ಅವರದು. ಗೆರೆ ತಪ್ಪಿದ ಬೆಲ್ಟನ್ನು ಅವರು ದಾರ ಹಿಡಿದು ನೋಡುವ ಮೊದಲೇ ಗುರುತಿಸುತ್ತಾರೆ.

ನೆಲದ ಮಾತನ್ನು ಯಾರೂ ಎತ್ತುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಬಟ್ಟೆ ಗಿರಣಿಯೊಂದು ಜೇಡಿ ನೆಲದ ಮೇಲಿತ್ತು. ನೆಲ ಕುಸಿದಂತೆಲ್ಲ ಉದ್ದುದ್ದ ಶಾಫ್ಟ್‌ಗಳು ಗೆರೆ ತಪ್ಪಿ ಬೇರಿಂಗ್‌ಗಳು ಮೇಲಿಂದ ಮೇಲೆ ಕೆಡುತ್ತಿದ್ದವು. ಅಲ್ಲಿನ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ, ಶಾಫ್ಟ್ ಕೊಂಚ ವಾಲಿದರೂ ಹೊಂದಿಕೊಳ್ಳುವ ಬೇರಿಂಗ್ ಕಂಡುಹಿಡಿದರು. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಅದರಿಂದಲೇ. ಮಣ್ಣು ನೆಲದ ನಮ್ಮ ಶೆಡ್‌ಗಳಲ್ಲೂ ಅದೇ ಕಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಹಳೇ ಜಾಗದಲ್ಲಿ ವರ್ಷಗಟ್ಟಲೆ ಕೂತು ನೆಲೆಯಾಗಿದ್ದ ಲೇತನ್ನು ಕಿತ್ತು ತಂದು ಹೊಸ ನೆಲಕ್ಕೆ ಬೋಲ್ಟ್ ಬಿಗಿದಾಗ, ಒಂದು ಕಾಲು ನೆಲ ಮುಟ್ಟದಿದ್ದರೂ ಬಲವಂತವಾಗಿ ಎಳೆದು ಕೂರಿಸುತ್ತೇವೆ. ಲೇತಿನ ಹಾಸು (ಬೆಡ್) ಹೊರಳುತ್ತದೆ, ತಲೆಗೂ ಟೇಲ್‌ಸ್ಟಾಕಿಗೂ ಎದುರುಬದುರು ತಪ್ಪುತ್ತದೆ. ನೋಡಲು ಹೋದಾಗ ಇಲ್ಲದ ಸದ್ದು ಈಗ ಬಂದಿದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಇಲ್ಲೇ ಇರುತ್ತದೆ. ನಾಲ್ಕೂ ಬೋಲ್ಟ್ ಸಡಿಲಿಸಿ ಲೇತ್ ಓಡಿಸಿ ನೋಡಿ. ಸದ್ದು ಬದಲಾದರೆ, ಮುಟ್ಟದ ಕಾಲಿನ ಅಡಿಗೆ ತಗಡಿನ ತುಂಡೊಂದನ್ನು ತುರುಕಿ ಮತ್ತೆ ಬಿಗಿ ಮಾಡುವುದಷ್ಟೇ ಕೆಲಸ.

ಮಿಷನ್ನಿಗೆ ಸೇರದ ಸದ್ದುಗಳೂ ಇವೆ. ಟೇಲ್‌ಸ್ಟಾಕಿನ ಮೊನೆ ತಿರುಗದ ಬಗೆಯದಾದರೆ ಮರ ಸುಟ್ಟ ವಾಸನೆಯೊಂದಿಗೆ ಚೀಂಯ್ ಎನ್ನುತ್ತದೆ, ಮೇಣ ಸವರಿದರೆ ಸುಮ್ಮನಾಗುತ್ತದೆ. ತೆಳ್ಳಗೆ ಉದ್ದ ಕಡೆದಾಗ ಮರವೇ ಹಾಡುತ್ತದೆ. ಟೂಲ್ ರೆಸ್ಟ್ ಹತ್ತಿರ ತಂದು ಉಳಿ ಮಸೆದುಕೊಂಡರೆ ಆಯಿತು. ಚೌಕದ ತುಂಡು ದುಂಡಾಗುವ ತನಕ ದಡಬಡ ಅನ್ನುವುದು ಸಹಜ.

ಕಡೆಯುವ ಸದ್ದಿನಲ್ಲಿ ಮಿಷನ್ನಿನ ಸದ್ದು ಮುಚ್ಚಿಹೋಗುತ್ತದೆ. ಹಾಗಾಗಿ ಲೇತನ್ನು ಕೇಳಲು ಸರಿಯಾದ ಹೊತ್ತು ಅರಗು ಹಾಕುವ ಹೊತ್ತು. ಆಗ ಉಳಿಯಿಲ್ಲ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಅಂಟುತ್ತದೆ, ಮೇಲೆ ಕೇದಗೆ ಎಲೆ ಹಿಡಿದರೆ ಹೊಳಪು ಏಳುತ್ತದೆ. ಕಿವಿಗೆ ಸಿಗದ್ದು ಆಗ ಕಣ್ಣಿಗೂ ಸಿಗುತ್ತದೆ. ಸ್ಪಿಂಡಲ್ ತೂರಾಡುತ್ತಿದ್ದರೆ ಕಡ್ಡಿ ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದು ಪಕ್ಕಕ್ಕೆ ಕಡಿಮೆ ಒತ್ತುತ್ತದೆ, ಬಣ್ಣ ಒಂದೆಡೆ ದಪ್ಪ, ಇನ್ನೊಂದೆಡೆ ಪೇಲವ. ಗಿಲಕಿಯ ಹೊಟ್ಟೆಯ ಮೇಲೆ ಹಳದಿ ಒಂದೇ ಸಮ ನಿಲ್ಲುತ್ತಿಲ್ಲ ಎಂದರೆ ಅರಗನ್ನು ಬೈಯುವ ಮೊದಲು ಬೆಲ್ಟ್ ಬಿಚ್ಚಿ ಸ್ಪಿಂಡಲ್ ಅಲ್ಲಾಡಿಸಿ ನೋಡುವುದು ಒಳ್ಳೆಯದು.

ಕಿವಿಯ ವಿಚಾರದಲ್ಲಿ ಇನ್ನೊಂದು ಮಾತು. ಜೋರು ಸದ್ದಿನಲ್ಲಿ ದಶಕಗಟ್ಟಲೆ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ದನಿಗಳನ್ನು. ಒಣಗುತ್ತಿರುವ ಬೇರಿಂಗಿನ ಸಣ್ಣ ಸುಂಯ್ ಕೂಡ ಅಂಥ ಎತ್ತರದ ದನಿಯೇ. ಮನೆಯ ಹಿರಿಯರಿಗೆ ಕೇಳದ್ದು ಸ್ಕೂಲಿಂದ ಬಂದ ಮೊಮ್ಮಗಳಿಗೆ ಕೇಳುವುದು ಇದರಿಂದಲೇ. ‘ತಾತ, ಮಿಷನ್ ಸೀಟಿ ಹೊಡೀತೈತೆ’ ಎಂದರೆ ಗದರಿಸಿ ಕಳಿಸಬಾರದು. ತಾತನಿಗೆ ಅಂಗೈ ಇದೆ. ಎರಕದ ತಲೆಯ ಮೇಲೆ ಕೈ ಊರಿ ನಡುಕ ಅಳೆಯುವುದರಲ್ಲಿ ಅವರನ್ನು ಯಾವ ಮೊಬೈಲ್ ಆ್ಯಪೂ ಮೀರಿಸದು.

ಕೊಳ್ಳಲು ಹೋಗುವವರು ಬೆಳಗ್ಗೆ ಬೇಗ, ಸಾಧ್ಯವಾದರೆ ಹೇಳದೆ ಹೋಗಬೇಕು. ಮಿಷನ್ನಿನ ತಲೆಯನ್ನೂ ಮೋಟಾರನ್ನೂ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಬೆಲ್ಟ್ ಮೆತ್ತಗೆ ಮಾಡಿಟ್ಟಿದ್ದಾರೆ. ಟೀ ಕುಡಿದು ಬರುತ್ತೇನೆ ಎಂದು ಹೇಳಿ ಹೋಗಿ, ಲೇತ್ ತಣ್ಣಗಾದ ಮೇಲೆ ವಾಪಸ್ಸು ಬಂದು ಸ್ವಿಚ್ ಹಾಕಿಸಬೇಕು. ಬೆಲ್ಟ್ ಬಿಚ್ಚಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಪುಲ್ಲಿಯ ಬುಡದಲ್ಲಿ ಕೆಂಪು ಪುಡಿ ಕಂಡರೆ, ಸ್ಪಿಂಡಲ್ ಹಲ್ಲುಹಲ್ಲಾಗಿ ಸಿಕ್ಕರೆ ಲೇತ್ ಬಿಟ್ಟು ಬರಬೇಕೆಂದಿಲ್ಲ. ಬೇರಿಂಗಿನ ಬೆಲೆಯನ್ನಲ್ಲ, ಹೊಸ ಶಾಫ್ಟಿನ ಟರ್ನಿಂಗ್ ಕೂಲಿಯನ್ನು ಲೆಕ್ಕ ಹಾಕಿ ಚೌಕಾಸಿ ಮಾಡಬೇಕು, ಅಷ್ಟೆ. ಲೇತ್ ಮನೆಗೆ ಬಂದ ಮೇಲೆ ಸುತ್ತಿಗೆಯ ಅಭ್ಯಾಸ ಬಿಡಲಾಗದಿದ್ದರೆ, ಚಕ್ಕನ್ನು ಸ್ಪಿಂಡಲ್ಲಿನಿಂದ ಬಿಚ್ಚಿ, ಮರದ ದಿಮ್ಮಿಯ ಮೇಲಿಟ್ಟು ತುಂಡನ್ನು ಬಡಿದು ಕೂರಿಸಿ, ಆಮೇಲೆ ಹಾಕಿಕೊಳ್ಳಬಹುದು. ಪ್ರತಿ ಸಲ ಹೀಗೆ ಮಾಡಿದರೆ ಕೂಲಿ ಗಿಟ್ಟುವುದಿಲ್ಲ ಎಂಬ ಗೊಣಗಾಟ ನ್ಯಾಯವೇ. ಅಂಥವರು ಸ್ಪಿಂಡಲ್ಲಿನ ಹಿಂತುದಿಯ ಎದುರಿಗೆ, ಹಾಸಿನ ಮೇಲೆ ಒಂದು ಗಟ್ಟಿ ಕಬ್ಬಿಣದ ತಡೆ ಬೆಸೆಸಿ, ತುಂಡು ಬಡಿಯುವಾಗ ಮಾತ್ರ ಅದಕ್ಕೂ ಸ್ಪಿಂಡಲ್ಲಿಗೂ ನಡುವೆ ಒಂದು ಬೆಣೆ ತೂರಿಸಿಕೊಳ್ಳಲಿ. ಏಟು ಬೇರಿಂಗಿಗೆ ಹೋಗುವ ಬದಲು ಹಾಸಿಗೆ ಹೋಗುತ್ತದೆ. ಸ್ವಿಚ್ ಹಾಕುವ ಮುಂಚೆ ಬೆಣೆ ತೆಗೆಯಲು ಮರೆಯಬಾರದು, ಮರೆತರೆ ಆ ಸದ್ದು ಏನೆಂದು ಯಾರೂ ಪರೀಕ್ಷಿಸಬೇಕಾಗಿಲ್ಲ.